‘ಎರಡೂವರೆ’ಯೊಳಗಿನ ‘ಊ’: ಭಿನ್ನರಾಶಿ ಕಲಿಸುತ್ತಾ ಕಲಿತ ಆರು ಪಾಠಗಳು

“ಕೂಡಬೇಕಾ ಟೀಚರ್, ಗುಣಿಸಬೇಕಾ?” ಭಿನ್ನರಾಶಿಯ ಪಾಠ ನಡೆಯುವ ವಾರಗಳಲ್ಲಿ ನನ್ನ ಕಿವಿಗೆ ಅತಿ ಹೆಚ್ಚು ಬೀಳುವ ಪ್ರಶ್ನೆ ಇದು. ಬೋರ್ಡಿನ ಮೇಲೆ ½ × ¾ ಬರೆದರೆ ಏಳನೇ ತರಗತಿಯ ಮಕ್ಕಳು ಥಟ್ಟನೆ ⅜ ಎನ್ನುತ್ತಾರೆ. ಅದನ್ನೇ ‘ಮುಕ್ಕಾಲು ಕಿಲೋ ಬೆಲ್ಲದಲ್ಲಿ ಅರ್ಧವನ್ನು ಪಾಯಸಕ್ಕೆ ಹಾಕಿದರೆ ಹಾಕಿದ್ದೆಷ್ಟು?’ ಎಂದು ಕೇಳಿದರೆ ಪೆನ್ಸಿಲ್ ನಿಂತುಬಿಡುತ್ತದೆ. ಮಕ್ಕಳಿಗೆ ಗುಣಿಸಲು ಬರುತ್ತದೆ. ವಾಕ್ಯದಲ್ಲಿ ಅಡಗಿರುವ ಗುಣಾಕಾರ ಕಾಣುವುದಿಲ್ಲ. ಹಾಗಾಗಿ ಈ ಪಾಠವನ್ನು ಈಗ ನಾನು ಅರ್ಧ ಗಣಿತ, ಅರ್ಧ ಕನ್ನಡ ಎಂದೇ ತಿಳಿದು ಮಾಡುತ್ತೇನೆ. ವರ್ಷಗಳ ಬೋಧನೆಯಲ್ಲಿ ನನ್ನ ಕೈಹಿಡಿದ ಆರು ಪಾಠಗಳು ಇಲ್ಲಿವೆ.

1. ನಾಲಿಗೆಯ ಮೇಲಿರುವ ಭಿನ್ನರಾಶಿಯಿಂದ ಆರಂಭಿಸಿ

ಮುಕ್ಕಾಲು ಎಂದರೆ ಮೂರು ಕಾಲು, ಅಂದರೆ 3 × ¼. ಅರೆಕಾಲು ಎಂದರೆ ಕಾಲಿನಲ್ಲಿ ಅರೆ, ಅಂದರೆ ½ × ¼ = ⅛. ಭಿನ್ನರಾಶಿಯನ್ನು ಭಿನ್ನರಾಶಿಯಿಂದ ಗುಣಿಸುವುದನ್ನು ನಮ್ಮ ಹಿರಿಯರು ಒಂದೇ ಪದದಲ್ಲಿ ಹೇಳಿಟ್ಟಿದ್ದಾರೆ. ಒಂದು ಕಾಗದದ ಪಟ್ಟಿಯನ್ನು ನಾಲ್ಕಾಗಿ ಮಡಿಸಿ, ಮತ್ತೊಮ್ಮೆ ಅರ್ಧಕ್ಕೆ ಮಡಿಸಿ ಬಿಚ್ಚಲು ಹೇಳಿ. ಎಂಟು ಮನೆಗಳನ್ನು ಮಗು ತಾನೇ ಎಣಿಸುತ್ತದೆ. ಸೂತ್ರ ಆಮೇಲೆ ಬರಲಿ.

2. ‘ಯಾವುದರಲ್ಲಿ?’ ಎಂದು ಕೇಳಿಸಿ

ಈ ಎರಡು ವಾಕ್ಯಗಳನ್ನು ಜೊತೆಯಾಗಿ ಬರೆಸುತ್ತೇನೆ. ‘ಮುಕ್ಕಾಲು ಲೀಟರ್ ಹಾಲಿತ್ತು, ⅓ ಲೀಟರ್ ಖರ್ಚಾಯಿತು.’ ‘ಮುಕ್ಕಾಲು ಲೀಟರ್ ಹಾಲಿತ್ತು, ಅದರಲ್ಲಿ ⅓ ಭಾಗ ಖರ್ಚಾಯಿತು.’ ಅಂಕಿಗಳು ಅವೇ, ಲೆಕ್ಕ ಬೇರೆ. ಮೊದಲನೆಯದರಲ್ಲಿ ಕಳೆದರೆ ಸಾಕು, ಉಳಿಯುವುದು 5/12 ಲೀಟರ್. ಎರಡನೆಯದರಲ್ಲಿ ಖರ್ಚಾದದ್ದು ⅓ × ¾ = ¼ ಲೀಟರ್, ಉಳಿಯುವುದು ಅರ್ಧ ಲೀಟರ್. ‘ಲೀಟರ್’ ಎಂದರೆ ಅಳತೆ. ‘ಅದರಲ್ಲಿ ಭಾಗ’ ಎಂದರೆ ಗುಣಾಕಾರ. ಈ ‘ಅದರಲ್ಲಿ’ಯ ಕೆಳಗೆ ಗೆರೆ ಎಳೆಯುವ ರೂಢಿಯಾದ ಮೇಲೆ ‘ಕೂಡಬೇಕಾ, ಗುಣಿಸಬೇಕಾ’ ಎಂಬ ಪ್ರಶ್ನೆ ಬಹಳ ಕಡಿಮೆಯಾಗುತ್ತದೆ.

3. ಮಿಶ್ರ ಭಿನ್ನರಾಶಿಯ ‘ಊ’ವನ್ನು ಮರೆಯಬೇಡಿ

ಒಮ್ಮೆ 2½ × 1½ ಲೆಕ್ಕಕ್ಕೆ ಒಬ್ಬ ಹುಡುಗಿ 2¼ ಎಂದು ಬರೆದಿದ್ದಳು. “ಎರಡೊಂದ್ಲೆ ಎರಡು, ಅರ್ಧದಲ್ಲಿ ಅರ್ಧ ಕಾಲು. ಸರಿ ಅಲ್ವಾ ಟೀಚರ್?” ತಪ್ಪು ಎನ್ನುವ ಬದಲು ಸೀಮೆಸುಣ್ಣ, ಟೇಪು ಹಿಡಿದು ಎಲ್ಲರನ್ನೂ ಜಗುಲಿಗೆ ಕರೆದುಕೊಂಡು ಹೋದೆ. ಉದ್ದ ಎರಡೂವರೆ ಮೀಟರ್, ಅಗಲ ಒಂದೂವರೆ ಮೀಟರ್ ಇರುವ ಆಯತ ಬರೆದೆವು. ಉದ್ದದಲ್ಲಿ ಎರಡು ಮೀಟರಿಗೆ ಒಂದು ಗೆರೆ, ಅಗಲದಲ್ಲಿ ಒಂದು ಮೀಟರಿಗೆ ಒಂದು ಗೆರೆ. ನಾಲ್ಕು ಮನೆಗಳಾದವು. ದೊಡ್ಡದು 2 ಚದರ ಮೀಟರ್, ಅದರ ಕೆಳಗಿನದು 1, ಪಕ್ಕದ್ದು ½, ಮೂಲೆಯದು ¼. ಅವಳು ದೊಡ್ಡ ಮನೆಯಲ್ಲಿ ಒಂದು ಕಾಲಿಟ್ಟು, ಮೂಲೆಯ ಮನೆಗೆ ಇನ್ನೊಂದು ಕಾಲು ಚಾಚಿ ನಿಂತು ಹೇಳಿದಳು: “ನಾನು ಇವೆರಡನ್ನೇ ಗುಣಿಸಿದ್ದೆ. ಈ ಎರಡು ಮನೆ ಬಿಟ್ಟುಹೋಗಿದ್ವು.”

ಒಟ್ಟು 3¾. ಎರಡೂವರೆ ಎಂದರೆ ಎರಡೂ ಅರೆಯೂ ಸೇರಿದ್ದು. ಆ ‘ಊ’ ಕೂಡುವ ಚಿಹ್ನೆಯೇ. ಆದ್ದರಿಂದ ಇತ್ತಲಿನ ಎರಡೂ ತುಂಡು ಅತ್ತಲಿನ ಎರಡೂ ತುಂಡುಗಳನ್ನು ಗುಣಿಸಲೇಬೇಕು. ವಿಷಮ ಭಿನ್ನರಾಶಿಗೆ ತಿರುಗಿಸಿ 5/2 × 3/2 = 15/4 ಎಂದು ಮಾಡುವುದು ಈ ನಾಲ್ಕು ಮನೆಗಳನ್ನು ಒಂದೇ ಸಲಕ್ಕೆ ಲೆಕ್ಕ ಹಾಕುವ ದಾರಿ. ನೆಲದ ಮೇಲೆ ಕಂಡ ಮೇಲೆ ಆ ದಾರಿಯನ್ನು ಮಕ್ಕಳು ನಂಬುತ್ತಾರೆ.

4. ಮೊದಲು ಅಂದಾಜು, ಆಮೇಲೆ ಲೆಕ್ಕ

ಗುಣಿಸಿದರೆ ಹೆಚ್ಚಾಗುತ್ತದೆ ಎಂಬುದು ಮಗ್ಗಿ ಕಲಿತಂದಿನಿಂದ ಬೇರುಬಿಟ್ಟ ನಂಬಿಕೆ. ಒಂದಕ್ಕಿಂತ ಕಡಿಮೆಯದರಿಂದ ಗುಣಿಸಿದರೆ ಸಂಖ್ಯೆ ಕಿರಿದಾಗುತ್ತದೆ, ಹೆಚ್ಚಿನದರಿಂದ ಗುಣಿಸಿದರೆ ಹಿರಿದಾಗುತ್ತದೆ. ಲೆಕ್ಕಕ್ಕೆ ಕೈಹಾಕುವ ಮೊದಲೇ ‘ಉತ್ತರ ದೊಡ್ಡದೋ ಚಿಕ್ಕದೋ?’ ಎಂದು ಹೇಳಿಸಿ.

5. ಮೊದಲು ಹೊಡೆದುಹಾಕಿ, ಆಮೇಲೆ ಗುಣಿಸಿ

3⅛ × 2⅖ ಅಂದರೆ 25/8 × 12/5. ನೇರವಾಗಿ ಗುಣಿಸಿದರೆ 300/40 ಆಗಿ ಮಗು ಬೆದರುತ್ತದೆ. 25ನ್ನೂ 5ನ್ನೂ ಐದರಿಂದ, 12ನ್ನೂ 8ನ್ನೂ ನಾಲ್ಕರಿಂದ ಹೊಡೆದರೆ 5/2 × 3/1, ಅಂದರೆ ಏಳೂವರೆ. ಒಂಬತ್ತನೇ ಶತಮಾನದಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಇದನ್ನೇ ಹೇಳಿದ್ದಾರೆ: ಸಾಧ್ಯವಿದ್ದರೆ ಮೊದಲು ಅಡ್ಡಡ್ಡವಾಗಿ ಸಂಕ್ಷೇಪಿಸಿ, ಬಳಿಕ ಅಂಶವನ್ನು ಅಂಶದಿಂದ, ಛೇದವನ್ನು ಛೇದದಿಂದ ಗುಣಿಸಬೇಕು. ಆ ಸಂಕ್ಷೇಪಕ್ಕೆ ಅವರು ಬಳಸಿದ ಹೆಸರು ವಜ್ರಾಪವರ್ತನ. ನಮ್ಮ ನೆಲದಲ್ಲಿ ಇದಕ್ಕೆ ಸಾವಿರ ವರ್ಷಕ್ಕೂ ಮಿಕ್ಕ ಹಳಮೆಯಿದೆ ಎಂದಾಗ ಮಕ್ಕಳ ಮುಖ ಅರಳುತ್ತದೆ. ಒಂದು ಎಚ್ಚರಿಕೆಯನ್ನೂ ಜೊತೆಗೇ ಹೇಳಿ: ಕೂಡುವ ಲೆಕ್ಕದಲ್ಲಿ ಹೀಗೆ ಅಡ್ಡಡ್ಡ ಹೊಡೆಯುವಂತಿಲ್ಲ.

6. ‘ಉಳಿದುದರಲ್ಲಿ’ ಎಂದ ಕೂಡಲೇ ನಿಲ್ಲಿ

‘ಎರಡೂವರೆ ಎಕರೆ ಹೊಲದಲ್ಲಿ ⅖ ಭಾಗ ರಾಗಿ, ಉಳಿದುದರಲ್ಲಿ ⅔ ಭಾಗ ತೊಗರಿ. ತೊಗರಿ ಎಷ್ಟು?’ ಹೆಚ್ಚಿನ ಮಕ್ಕಳು ⅔ನ್ನೂ ಇಡೀ ಹೊಲಕ್ಕೇ ಗುಣಿಸುತ್ತಾರೆ. ಆಗ ಗುಂಟೆಗೆ ಇಳಿಸಲು ಹೇಳುತ್ತೇನೆ. ಎಕರೆಗೆ 40 ಗುಂಟೆ, ಹೊಲ 100 ಗುಂಟೆ. ರಾಗಿ 40 ಗುಂಟೆ. ತೊಗರಿಗೆ ನೂರರಲ್ಲಿ ⅔ ತೆಗೆದರೆ 66⅔ ಗುಂಟೆ. ಎರಡೂ ಸೇರಿ 106⅔! ಇದ್ದ ಹೊಲಕ್ಕಿಂತ ಬಿತ್ತಿದ್ದೇ ಹೆಚ್ಚಾಯಿತು. ರೈತರ ಮನೆಯ ಮಕ್ಕಳಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ. ರಾಗಿ ಹೋಗಿ ಉಳಿದದ್ದು 60 ಗುಂಟೆ, ಅದರಲ್ಲಿ ⅔ ಅಂದರೆ 40 ಗುಂಟೆ, ಸರಿಯಾಗಿ ಒಂದು ಎಕರೆ.

ಮನೆಯಲ್ಲಿ ಮಗು ಇಂಥ ಲೆಕ್ಕದ ಮುಂದೆ ಕೈಕಟ್ಟಿ ಕುಳಿತಾಗ ದಯವಿಟ್ಟು ‘ಗುಣಿಸು’ ಎಂದು ಹೇಳಿಕೊಡಬೇಡಿ. ವಾಕ್ಯವನ್ನು ಗಟ್ಟಿಯಾಗಿ ಓದಿಸಿ, ‘ಯಾವುದರಲ್ಲಿ?’ ಎಂದಷ್ಟೇ ಕೇಳಿ, ಸ್ವಲ್ಪ ಹೊತ್ತು ಕಾಯಿರಿ. ಉತ್ತರಕ್ಕೆ ಬೇಕಾದ ಮಾತು ಮಗುವಿನ ಬಾಯಲ್ಲೇ ಇದೆ.