ಊರಿನ ಮನೆಗೆ ಸರ್ಕಾರವೇ ಬಾಡಿಗೆದಾರ

ಬ್ರಿಟನ್ನಿಗೆ ಬಂದಿಳಿದ ನಮ್ಮ ದಾವಣಗೆರೆ ಕಡೆಯ ಕುಟುಂಬಗಳು ಕೂಟದ ಊಟದ ಸಾಲಿನಲ್ಲೇ ಕೇಳುವ ಮಾತೊಂದಿದೆ: ‘ಊರಿನ ಮನೆಗೆ ಬೀಗ ಹಾಕಿ ಬಂದಿದ್ದೀವಿ, ಏನು ಮಾಡೋದು?’ ಇಲ್ಲಿ ಕೌನ್ಸಿಲ್‌ನವರು ನೆಲೆಯಿಲ್ಲದವರಿಗಾಗಿ ಖಾಸಗಿ ಮನೆಗಳನ್ನು ಗುತ್ತಿಗೆಗೆ ಹಿಡಿಯುತ್ತಾರೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಲ್ಲಿ ಆ ಜಾಗದಲ್ಲಿರುವುದು ಇಲಾಖೆಗಳು. ಸ್ವಂತ ಕಟ್ಟಡವಿಲ್ಲದ ವಿದ್ಯಾರ್ಥಿನಿಲಯ, ಅಂಗನವಾಡಿ, ಕಚೇರಿಗಳಿಗೆ ‘ಬಾಡಿಗೆ ಕಟ್ಟಡ ಬೇಕಾಗಿದೆ’ ಎಂಬ ಪ್ರಕಟಣೆ ಪತ್ರಿಕೆಗಳಲ್ಲಿ ಬರುತ್ತಿರುತ್ತದೆ.

ಸುಣ್ಣಬಣ್ಣಕ್ಕೆ ಮೊದಲೇ ದುಡ್ಡು ಕಳಿಸಬೇಡಿ. ಖಾತೆ ಯಾರ ಹೆಸರಿನಲ್ಲಿದೆ ನೋಡಿ. ನಮ್ಮ ಮನೆಯದು ತೀರಿಹೋದ ಅಜ್ಜನ ಹೆಸರಿನಲ್ಲೇ ಇತ್ತು. ವಂಶವೃಕ್ಷ ಮಾಡಿಸಿ, ಚಿಕ್ಕಪ್ಪ, ಅತ್ತೆಯರ ಸಹಿ ಹಾಕಿಸಿ ಖಾತೆ ಬದಲಾಯಿಸುವಷ್ಟರಲ್ಲಿ ಮೊದಲ ಪ್ರಕಟಣೆಯ ಅವಧಿ ಮುಗಿದಿತ್ತು. ಪಟ್ಟಣದೊಳಗಿನ ಮನೆಗೆ ಇ-ಖಾತೆ, ಗ್ರಾಮ ಪಂಚಾಯಿತಿಯದಾದರೆ ಇ-ಸ್ವತ್ತು, ಜೊತೆಗೆ ಕಂದಾಯ ಕಟ್ಟಿದ ರಸೀದಿ ಸಿದ್ಧವಿರಲಿ. ಹಳೆಯ ಪತ್ರದಲ್ಲಿ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆ ಎಂದೂ ಜಗಳೂರು ಚಿತ್ರದುರ್ಗ ಜಿಲ್ಲೆ ಎಂದೂ ಇದ್ದರೆ ಗಾಬರಿ ಬೇಡ. ದಾವಣಗೆರೆ ಜಿಲ್ಲೆಯಾದದ್ದೇ 1997ರಲ್ಲಿ. ಆಮೇಲೆ ತಾಲ್ಲೂಕಾದ ನ್ಯಾಮತಿಯವರ ಪತ್ರಗಳಲ್ಲಿ ಹೊನ್ನಾಳಿ ತಾಲ್ಲೂಕು ಎಂದಿರುವುದೂ ಹೀಗೆಯೇ.

ಊರಲ್ಲಿ ಓಡಾಡುವವರಿಗೆ ಅಧಿಕಾರಪತ್ರ ಕೊಡಬೇಕು. ಅದನ್ನು ಇಲ್ಲಿನ ಭಾರತೀಯ ಹೈಕಮಿಷನ್‌ನಲ್ಲೋ ನೋಟರಿಯ ಮುಂದೋ ಸಹಿ ಮಾಡಿ ಕಳಿಸಿ. ಭಾರತ ತಲುಪಿದ 3 ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಿ. ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿಯೂ ಬೇಕು.

ಇನ್ನು ಕಟ್ಟಡ. ನೋಡಲು ಬರುವವರು ನಿಮ್ಮ ಗ್ರಾನೈಟ್ ನೆಲ ಮೆಚ್ಚುವುದಿಲ್ಲ, ಶೌಚಾಲಯ ಎಣಿಸುತ್ತಾರೆ. ವಿದ್ಯಾರ್ಥಿನಿಲಯವಾದರೆ ಬಚ್ಚಲು, ನೀರಿನ ಟ್ಯಾಂಕು, ಅಡುಗೆಮನೆಯ ಗಾಳಿ, ಕಾಂಪೌಂಡು. ಮಳೆಗಾಲಕ್ಕೆ ಮುಂಚೆ ತಾರಸಿ ಸೋರಿಕೆ ನಿಲ್ಲಿಸಿ. ಬೆಸ್ಕಾಂನಲ್ಲಿ ಮಂಜೂರಾದ ಲೋಡ್ ಸಾಕೇ ಕೇಳಿ. ಜಗಳೂರಿನ ಕೊಳವೆಬಾವಿಯಾದರೆ ಫ್ಲೋರೈಡ್ ಪರೀಕ್ಷೆ ಮಾಡಿಸದೆ ಮಕ್ಕಳಿಗೆ ಆ ನೀರು ಕುಡಿಸುವ ಮಾತೇ ಬೇಡ. ಹೊನ್ನಾಳಿಯ ಹೊಳೆ ದಂಡೆಯ ಮನೆಯಾದರೆ ತುಂಗಭದ್ರೆ ಎಲ್ಲಿವರೆಗೆ ಏರಿದ್ದಳೆಂದು ನೆರೆಯವರನ್ನೇ ಕೇಳಿ, ಮುಚ್ಚಿಡದೆ ಹೇಳಿ.

ಬಾಡಿಗೆ ನೀವು ಹೇಳಿದಷ್ಟಲ್ಲ. ಲೋಕೋಪಯೋಗಿ ಇಲಾಖೆಯ ಎಂಜಿನಿಯರ್ ಅಳತೆ ಹಿಡಿದು ನಿಗದಿ ಮಾಡುತ್ತಾರೆ. ದೊಡ್ಡ ಅಡ್ವಾನ್ಸ್ ನೆಚ್ಚಿಕೊಳ್ಳಬೇಡಿ. ಅನುದಾನ ಬಂದಾಗ ಬಾಡಿಗೆ. ನಮಗೆ ಒಮ್ಮೆ ಏಳು ತಿಂಗಳದು ಒಟ್ಟಿಗೇ ಬಂತು. ಆ ದುಡ್ಡಿನ ಮೇಲೆ ಬ್ಯಾಂಕಿನ ಕಂತು ಹೊರಿಸಿದವರು ಪರದಾಡುತ್ತಾರೆ.

ತೆರಿಗೆಯಲ್ಲಿ ಎಡವುವವರೇ ಹೆಚ್ಚು. ನಿವಾಸಿ ಮಾಲೀಕರಿಗಾದರೆ ಬಾಡಿಗೆ ನಿಗದಿತ ಮಿತಿ ದಾಟಿದಾಗ ಶೇ 10 ಮುರಿದುಕೊಳ್ಳುತ್ತಾರೆ. ಅನಿವಾಸಿಗೆ ಶೇ 30, ಅದರ ಮೇಲೆ ಸೆಸ್ ಸೇರಿ ಶೇ 31.2. ತಾಲ್ಲೂಕು ಕಚೇರಿಗಳಿಗೆ ಅನಿವಾಸಿ ಮಾಲೀಕರು ಅಪರೂಪ. ನೀವೇ ಬರೆದು ತಿಳಿಸಿ. ಹಣ ಎನ್‌ಆರ್‌ಒ ಖಾತೆಗೇ ಹೋಗಲಿ. ಹೆಚ್ಚು ಮುರಿದದ್ದು ರಿಟರ್ನ್ಸ್ ಸಲ್ಲಿಸಿದರೆ ವಾಪಸು ಬರುತ್ತದೆ. ‘ಭಾವನ ಹೆಸರಿಗೆ ಹಾಕಿಬಿಡೋಣ’ ಎಂಬ ಸಲಹೆ ಕೇಳಿ ಮುಗುಳ್ನಕ್ಕು ಸುಮ್ಮನಿರಿ. ಇಲ್ಲಿನ ತೆರಿಗೆ ಕಚೇರಿಗೂ ಆ ಆದಾಯ ತೋರಿಸಬೇಕೇ ಎಂದು ಲೆಕ್ಕಿಗರನ್ನು ಕೇಳಿಕೊಳ್ಳಿ.

ಕೀಲಿ ಕೊಡುವ ಹಿಂದಿನ ದಿನ ಕೋಣೆಕೋಣೆಯ ಫೋಟೊ ತೆಗೆಸಿ, ಬಿಟ್ಟುಹೋಗುವ ಫ್ಯಾನು, ನಲ್ಲಿಗಳ ಪಟ್ಟಿಗೆ ಇಬ್ಬರ ಸಹಿ ಹಾಕಿಸಿ. ಮನೆಯ ಸಾಮಾನು ಪೂರ್ತಿ ತೆರವು ಮಾಡಿಸಿ. ನಾವು ಹಿತ್ತಲಲ್ಲಿದ್ದ ಅಡಿಕೆ ಬೇಯಿಸುವ ತಾಮ್ರದ ಹಂಡೆ ಮರೆತೆವು. ಈಗ ಅದರಲ್ಲಿ ವಿದ್ಯಾರ್ಥಿನಿಲಯದ ಹುಡುಗರ ಸ್ನಾನಕ್ಕೆ ನೀರು ಕಾಯುತ್ತದೆ. ಅಣ್ಣ ವಾಪಸು ಕೇಳಿದರೆ, ದಾಸ್ತಾನು ಪುಸ್ತಕಕ್ಕೆ ಏರಿಸಿಬಿಟ್ಟಿದ್ದೇವೆ ಅಂದರಂತೆ.