ಹೋದ ಸಲ ಏನೂ ಆಗಲಿಲ್ಲವಲ್ಲ!

ಗಗನಯಾತ್ರಿ ಆಗಬೇಕು ಅಂತೀಯ. ಆಗು ಮಗೂ, ಬೇಡ ಅನ್ನೋರು ಯಾರು? ನಿನಗೆ ಬುದ್ಧಿ ಇದೆ, ಎದೆಗಾರಿಕೆ ಇದೆ, ಲೆಕ್ಕದಲ್ಲಿ ನಿನ್ನನ್ನು ಹಿಡಿಯೋರಿಲ್ಲ. ಇಲ್ಲದ್ದು ಒಂದೇ, ತಾಳ್ಮೆ. ಸ್ಕೂಟರಿನ ಸ್ಟ್ಯಾಂಡ್ ತೆಗೆಯದೆಯೇ ಗೇಟು ದಾಟೋ ಪೈಕಿ ನೀನು. ಅದಕ್ಕೇ ಕೂತ್ಕೋ ಅಂದದ್ದು.

ಅಮೆರಿಕದ ಸ್ಪೇಸ್ ಷಟಲ್ ವಿಡಿಯೊಗಳನ್ನು ರಾತ್ರಿಯೆಲ್ಲ ನೋಡ್ತೀಯಲ್ಲ, ಅದರಲ್ಲಿ ಬೆಂಕಿ ಚೆಲ್ಲುತ್ತಾ ಕಕ್ಷೆ ಸೇರುವ ಎಂಟೂವರೆ ನಿಮಿಷ ಇರುತ್ತೆ. ಆ ಎಂಟೂವರೆ ನಿಮಿಷಕ್ಕೆ ಹಿಂದೆ ಮುಂದೆ ಎಷ್ಟು ತಿಂಗಳ ಕೆಲಸ ಇತ್ತು, ಯಾರು ಮಾಡಿದರು, ಅದನ್ನು ತೋರಿಸೋರು ಕಮ್ಮಿ. ನಾನು ಹೇಳೋದು ಆ ಕೆಲಸದ ಮಾತು.

ಮೊದಲನೇ ಹಾರಾಟದಿಂದಲೇ ಶುರು ಮಾಡೋಣ. 1981ರ ಏಪ್ರಿಲ್ 12. ಕೊಲಂಬಿಯಾ ನೌಕೆ, ಒಳಗೆ ಇಬ್ಬರು: ಜಾನ್ ಯಂಗ್ ಮತ್ತು ರಾಬರ್ಟ್ ಕ್ರಿಪೆನ್. ಅದಕ್ಕೆ ಮುಂಚೆ ಆ ನೌಕೆ ಮನುಷ್ಯರಿಲ್ಲದೆ ಒಂದು ಸಲವೂ ಕಕ್ಷೆಗೆ ಹೋಗಿ ಬಂದಿರಲಿಲ್ಲ. ಮೊದಲ ಸಲವೇ ಜೀವ ಒಳಗಿಟ್ಟುಕೊಂಡು ಹೊರಟದ್ದು. ಯಂಗ್ ಅವರಿಗೆ ಆಗ 50 ವರ್ಷ, ಚಂದ್ರನ ಮೇಲೆ ಓಡಾಡಿ ಬಂದಿದ್ದವರು. ಮೇಲೆ ಹೋಗಿ ಸಾಮಾನು ಕೋಣೆಯ ಬಾಗಿಲು ತೆಗೆದರೆ, ಹಿಂಭಾಗದ ಎಂಜಿನ್ ಕವಚದ ಮೇಲಿನ ಕೆಲವು ಶಾಖ ತಡೆಯುವ ಟೈಲ್ಸು ಕಿತ್ತುಹೋಗಿವೆ! ಇಬ್ಬರೂ ಗಾಬರಿ ಬೀಳಲಿಲ್ಲ, ಮುಚ್ಚಿಡಲೂ ಇಲ್ಲ. ಕ್ಯಾಮೆರಾ ತಿರುಗಿಸಿ ಕೆಳಗಿನವರಿಗೆ ತೋರಿಸಿದರು. ಎರಡು ದಿನ ಕಳೆದು ಕ್ಯಾಲಿಫೋರ್ನಿಯಾದ ಎಡ್ವರ್ಡ್ಸ್ ವಾಯುನೆಲೆಯ ಒಣಕೆರೆಯಂಗಳದಲ್ಲಿ ಇಳಿದ ಮೇಲೆ ಯಂಗ್ ಮಾಡಿದ ಮೊದಲ ಕೆಲಸ ಗೊತ್ತಾ? ನೌಕೆಯ ಸುತ್ತ ನಡೆದರು. ಅದರ ಹೊಟ್ಟೆಯ ಕೆಳಗೆ ಹೋಗಿ ತಲೆ ಎತ್ತಿ ನೋಡಿದರು. ಹುಡುಗನ ಹಾಗೆ ಕುಣಿದಾಡಿದರು ಕೂಡ, ಆದರೆ ನೋಡ್ತಾ ನೋಡ್ತಾ ಕುಣಿದರು.

ಆ ಚಿತ್ರ ಕಂಡಾಗ ನನಗೆ ಆ ಮನುಷ್ಯ ತೀರಾ ಪರಿಚಯದವರು ಅನ್ನಿಸಿತು. ನನ್ನ ಆಯುಷ್ಯ ಕಳೆದದ್ದು ಬಸ್ ಡಿಪೊದ ಪಿಟ್ಟಿನಲ್ಲಿ. ರಾತ್ರಿ ಬಂದು ನಿಂತ ಬಸ್ಸನ್ನು ಬೆಳಗಿನ ಜಾವದ ಟ್ರಿಪ್ಪಿಗೆ ಬಿಡೋದು ಅಂದರೆ ಡೀಸೆಲ್ ತುಂಬಿ ತೊಳೆದು ಕಳಿಸೋದಲ್ಲ. ಕೆಳಗಿಳಿದು, ಟಾರ್ಚು ಹಿಡಿದು, ಬ್ರೇಕಿನ ಪೈಪನ್ನು ಕೈಯಲ್ಲಿ ಸವರಿ ನೋಡಬೇಕು. ಹೋಗಿ ಬಂದು ಮತ್ತೆ ಹೋಗೋ ಗಾಡಿಗೆ ಇದು ತಪ್ಪಿದ್ದಲ್ಲ. ಷಟಲ್ ಕೂಡ ಹೋಗಿ ಬಂದು ಮತ್ತೆ ಹೋಗೋ ಗಾಡಿಯೇ. ಎರಡು ವಾರಕ್ಕೊಮ್ಮೆ ಒಂದೊಂದು ನೌಕೆ ಮತ್ತೆ ಸಿದ್ಧವಾಗುತ್ತೆ, ವರ್ಷಕ್ಕೆ ಹತ್ತಾರು ಸಲ ಹಾರಿಸ್ತೀವಿ ಅಂತ ನಾಸಾದವರು ಮೊದಲು ಅಂದುಕೊಂಡಿದ್ದರು. ವರ್ಷವೊಂದರಲ್ಲಿ ಆದದ್ದು ಹೆಚ್ಚೆಂದರೆ 9, ಅದೂ 1985ರಲ್ಲಿ. ಒಂದೇ ನೌಕೆ ಬೇಗ ಮರಳಿ ಹಾರಿದ ದಾಖಲೆ 54 ದಿನ. ಯಾಕೆ ಅಂತೀಯ? ಕೊಲಂಬಿಯಾದ ಮೈಮೇಲೆ 30 ಸಾವಿರಕ್ಕೂ ಮೀರಿ ಟೈಲ್ಸು. ಒಂದೊಂದಕ್ಕೂ ಬೇರೆ ಆಕಾರ, ಬೇರೆ ನಂಬರು, ಕೈಯಲ್ಲೇ ಅಂಟಿಸಬೇಕು. ಹೆಬ್ಬೆರಳು ಒತ್ತಿದರೆ ತಗ್ಗು ಬೀಳುವಷ್ಟು ಮೆದು. ಆದರೆ ಗಂಟೆಗೆ 28 ಸಾವಿರ ಕಿ.ಮೀ. ವೇಗದಲ್ಲಿ ವಾತಾವರಣಕ್ಕೆ ಮರಳುವಾಗ ಏಳುವ ಶಾಖಕ್ಕೆ ಒಳಗಿನ ಅಲ್ಯೂಮಿನಿಯಂ ಕರಗದಂತೆ ಕಾಯೋದು ಅವೇ. ಪ್ರತಿ ಸಲ ಇಳಿದ ಮೇಲೂ ಒಂದೊಂದನ್ನೂ ಕಣ್ಣಿಟ್ಟು ನೋಡಿದ ಹೆಂಗಸರು ಗಂಡಸರು ಇದ್ದರು. ಅವರ ಹೆಸರು ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಡಿಪೊದಲ್ಲಿ ನಾನು ಹೆದರುತ್ತಿದ್ದದ್ದು ಒಂದೇ ಮಾತಿಗೆ: "ಹೋದ ಸಲ ಹಿಂಗೇ ಕಳಿಸಿದ್ವಿ ಸಾರ್, ಏನೂ ಆಗಲಿಲ್ಲವಲ್ಲ!" ಈ ಮಾತು ಹೇಳೋನು ಸೋಮಾರಿಯೇ ಆಗಿರಬೇಕಿಲ್ಲ. ಕೆಲಸ ಬಲ್ಲವನೇ ಹೇಳ್ತಾನೆ. ಅದೇ ಅಪಾಯ.

ಚಾಲೆಂಜರ್ ಕತೆ ನಿನಗೆ ಗೊತ್ತು ಅಂತೀಯ. ಹಾರಿದ 73ನೇ ಸೆಕೆಂಡಿಗೆ ನೌಕೆ ಒಡೆದುಹೋಯಿತು, ಏಳು ಜನ ಸತ್ತರು, ಅಷ್ಟೇ ಗೊತ್ತು ನಿನಗೆ. ಅದರ ಹಿಂದಿನ ರಾತ್ರಿ ಗೊತ್ತಿರಬೇಕು. ಪಕ್ಕದ ದೊಡ್ಡ ರಾಕೆಟ್ಟುಗಳನ್ನು ಯೂಟಾದಲ್ಲಿ ತುಂಡು ತುಂಡಾಗಿ ಮಾಡಿ, ರೈಲಿನಲ್ಲಿ ಫ್ಲಾರಿಡಾಕ್ಕೆ ತಂದು ಜೋಡಿಸುತ್ತಿದ್ದರು. ಜೋಡಣೆಯ ಸಂದಿಯಿಂದ ಬೆಂಕಿಯ ಗಾಳಿ ಹೊರಗೆ ನುಗ್ಗದ ಹಾಗೆ ಎರಡು ರಬ್ಬರ್ ಓ-ರಿಂಗ್. ನಮ್ಮ ಪಿಟ್ಟಿನಲ್ಲೂ ಓ-ರಿಂಗ್ ಇತ್ತು, ಚಳಿಗೆ ರಬ್ಬರು ಬಿರುಸಾಗುತ್ತೆ ಅಂತ ಕ್ಲೀನರ್ ಹುಡುಗನಿಗೂ ಗೊತ್ತಿತ್ತು. ಮುಂಚಿನ ಹಲವು ಹಾರಾಟಗಳಲ್ಲಿ ರಿಂಗು ಸವೆದಿತ್ತು, ಮಸಿ ಹಿಡಿದಿತ್ತು. ನೌಕೆಗಳು ಮಾತ್ರ ಸುರಕ್ಷಿತವಾಗಿ ಬಂದವು. ಹಾಗೆ ಬಂದದ್ದೇ ತಪ್ಪು ಪಾಠ ಕಲಿಸಿತು. ರಾಕೆಟ್ ಮಾಡುತ್ತಿದ್ದ ಮಾರ್ಟನ್ ಥಯೋಕಾಲ್ ಕಂಪನಿಯ ಎಂಜಿನಿಯರ್ ರೋಜರ್ ಬೋಜೊಲಿ 1985ರ ಜುಲೈಯಲ್ಲೇ ಮೇಲಿನವರಿಗೆ ಬರೆದರು, ಇದನ್ನು ಸರಿಪಡಿಸದಿದ್ದರೆ ಜೀವಹಾನಿ ಆದೀತು ಅಂತ. 1986ರ ಜನವರಿ 27ರ ರಾತ್ರಿ ಫೋನಿನಲ್ಲಿ ಸಭೆ. ರಬ್ಬರಿಗೆ 12 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿನ ಚಳಿಯ ಅನುಭವವೇ ಇಲ್ಲ, ಹಾರಿಸಬೇಡಿ ಅಂತ ಎಂಜಿನಿಯರುಗಳು ವಾದಿಸಿದರು. ಕಂಪನಿಯ ದೊಡ್ಡವರು ಮೊದಲು ಒಪ್ಪಿದರು, ನಾಸಾದ ಕಡೆಯಿಂದ ಒತ್ತಡ ಬಂದ ಮೇಲೆ ಮಾತು ತಿರುಗಿಸಿದರು. ಉಡಾವಣೆಯ ಜಾಗದಲ್ಲಿದ್ದ ಅವರದೇ ಅಧಿಕಾರಿ ಅಲನ್ ಮೆಕ್‌ಡೊನಾಲ್ಡ್ ಸಹಿ ಹಾಕೋದಿಲ್ಲ ಅಂದುಬಿಟ್ಟರು. ಅವರ ಬದಲು ಯೂಟಾದಿಂದ ಬೇರೆಯವರ ಸಹಿ ಫ್ಯಾಕ್ಸಿನಲ್ಲಿ ಬಂತು. ಬೆಳಿಗ್ಗೆ ಉಡಾವಣಾ ಗೋಪುರದ ತುಂಬ ಹಿಮದ ಗಡ್ಡೆ ಜೋತಿತ್ತು, ಹಾರುವ ಹೊತ್ತಿಗೆ ಹವೆ 2 ಡಿಗ್ರಿ. ಕ್ರಿಸ್ಟಾ ಮೆಕಾಲಿಫ್ ಎಂಬ ಶಾಲಾ ಮೇಷ್ಟ್ರಮ್ಮ ಆ ನೌಕೆಯಲ್ಲಿದ್ದರು, ಮಕ್ಕಳು ತಂತಮ್ಮ ತರಗತಿಗಳಲ್ಲಿ ಟಿವಿ ಮುಂದೆ ಕೂತಿದ್ದರು.

ಅದು 25ನೇ ಹಾರಾಟ. 24 ಸಲ ಏನೂ ಆಗಿರಲಿಲ್ಲವಲ್ಲ.

ಆ ನೌಕೆಗೂ ನಮಗೂ ನಂಟಿದೆ, ಅದೂ ಕೇಳು. 1983ರ ಆಗಸ್ಟ್ 30ರಂದು ಇದೇ ಚಾಲೆಂಜರ್ ನಮ್ಮ ಇನ್ಸಾಟ್-1ಬಿ ಉಪಗ್ರಹವನ್ನು ಹೊತ್ತು ಮೇಲೇರಿತ್ತು, ಷಟಲ್‌ನ ಮೊದಲ ರಾತ್ರಿ ಉಡಾವಣೆ ಅದು. ಬಾಹ್ಯಾಕಾಶಕ್ಕೆ ಹೋದ ಮೊದಲ ಆಫ್ರಿಕನ್ ಅಮೆರಿಕನ್ ಗಯಾನ್ ಬ್ಲೂಫರ್ಡ್ ಆ ತಂಡದಲ್ಲಿದ್ದರು. ಕಕ್ಷೆಗೆ ಬಿಟ್ಟ ಮೇಲೆ ಉಪಗ್ರಹದ ಸೌರಫಲಕ ಬಿಚ್ಚಿಕೊಳ್ಳದೆ ಹಟ ಹಿಡಿಯಿತು. ಅದರ ಹಿಂದಿನ ಇನ್ಸಾಟ್-1ಎ ವರ್ಷದ ಕೆಳಗಷ್ಟೇ ಕೈಕೊಟ್ಟಿತ್ತು, ಎಲ್ಲರ ಉಸಿರು ಗಂಟಲಲ್ಲಿ. ನಿಯಂತ್ರಣ ಕೇಂದ್ರ ನಮ್ಮ ಹಾಸನದಲ್ಲಿ. ಅಲ್ಲಿನವರೂ ಅಮೆರಿಕದ ತಯಾರಕರೂ ಸೇರಿ ಬಿಡದೆ ಹಿಂದೆ ಬಿದ್ದು ಸೆಪ್ಟೆಂಬರ್ ಮಧ್ಯಕ್ಕೆ ಫಲಕ ಬಿಚ್ಚಿಸಿದರು. ಆಮೇಲಿನ ವರ್ಷಗಳಲ್ಲಿ ಊರೂರಿನ ಮನೆ ಮೇಲೆ ಆಂಟೆನಾ ಎದ್ದಿತು, ಅಕ್ಕಪಕ್ಕದವರೆಲ್ಲ ಒಂದೇ ಟಿವಿ ಮುಂದೆ ಕೂತರು. ನಿನ್ನಪ್ಪನೂ ಕೂತಿದ್ದ. 1986ರಲ್ಲಿ ಮುಂದಿನ ಇನ್ಸಾಟ್ ಜೊತೆ ಭಾರತೀಯನೊಬ್ಬ ಷಟಲ್ ಏರಬೇಕಿತ್ತು. ಇಸ್ರೊದ ಎಂಜಿನಿಯರುಗಳಾದ ಎನ್. ಸಿ. ಭಟ್ ಮತ್ತು ಪಿ. ರಾಧಾಕೃಷ್ಣನ್ ನಾಯರ್ ಆಯ್ಕೆಯಾಗಿದ್ದರು. ಚಾಲೆಂಜರ್ ಹೋದ ಮೇಲೆ ಆ ಹಾರಾಟವೂ ಹೋಯಿತು. ಉಪಗ್ರಹ 1988ರಲ್ಲಿ ಯೂರೋಪಿನ ಏರಿಯಾನ್ ರಾಕೆಟ್ಟಿನಲ್ಲಿ ಹೋಯಿತು, ಇವರಿಬ್ಬರೂ ನೆಲದ ಮೇಲೇ ಉಳಿದರು. ಯಾವ ತಪ್ಪೂ ಮಾಡದೆ ಕನಸು ಕೈತಪ್ಪಿದ ಇಂಥವರನ್ನು ನೆನೆದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತೆ.

ಸತ್ಯ ಹೇಳಿದರೆ ಹಾರ ಹಾಕ್ತಾರೆ ಅಂತ ಮಾತ್ರ ನಂಬಿಕೊಂಡು ಹೋಗಬೇಡ. ಬೋಜೊಲಿ ಅವರನ್ನು ಸಹೋದ್ಯೋಗಿಗಳೇ ದೂರ ಇಟ್ಟರು. ದುರಂತದ ನಂತರ ಸುರಕ್ಷತೆಯ ಬಗ್ಗೆ ಖಾರವಾಗಿ ಬರೆದ ಜಾನ್ ಯಂಗ್ ಗಗನಯಾತ್ರಿಗಳ ಮುಖ್ಯಸ್ಥನ ಕುರ್ಚಿಯಿಂದ 1987ರಲ್ಲಿ ಆಚೆ ಬಂದರು. ಆದರೆ ಸಿಟ್ಟು ಮಾಡಿಕೊಂಡು ಬಿಟ್ಟು ಹೋಗಲಿಲ್ಲ, 2004ರ ಕೊನೆಯವರೆಗೆ ಅಲ್ಲೇ ದುಡಿದರು. ಸ್ಯಾಲಿ ರೈಡ್ ಇನ್ನೊಂದು ದಾರಿ ಹಿಡಿದರು. ಬಾಹ್ಯಾಕಾಶಕ್ಕೆ ಹೋದ ಮೊದಲ ಅಮೆರಿಕನ್ ಮಹಿಳೆ, ಚಾಲೆಂಜರ್ ದುರಂತದ ತನಿಖಾ ಆಯೋಗದ ಸದಸ್ಯೆ. ಚಳಿಯಲ್ಲಿ ಓ-ರಿಂಗ್ ಹೇಗೆ ಬಿರುಸಾಗುತ್ತೆ ಅನ್ನೋ ಲೆಕ್ಕದ ಹಾಳೆಯನ್ನು ಆಯೋಗದ ಇನ್ನೊಬ್ಬ ಸದಸ್ಯ ಡೊನಾಲ್ಡ್ ಕುಟೀನಾ ಕೈಗಿಟ್ಟು, ಏನೂ ಮಾತಾಡದೆ ನಡೆದುಬಿಟ್ಟರು. ಕುಟೀನಾ ಅವರಿಂದ ಸುಳಿವು ಹೋದದ್ದು ವಿಜ್ಞಾನಿ ರಿಚರ್ಡ್ ಫೈನ್‌ಮನ್‌ಗೆ. ಫೈನ್‌ಮನ್ ಸಭೆಯಲ್ಲಿ ಐಸ್ ನೀರಿನ ಲೋಟದೊಳಗೆ ರಬ್ಬರು ಅದ್ದಿ ತೋರಿಸಿದಾಗ ಜಗತ್ತೇ ಬೆರಗಾಯಿತು. ಹಾಳೆ ಕೊಟ್ಟದ್ದು ಸ್ಯಾಲಿ ಅಂತ ತಿಳಿದದ್ದು 2012ರಲ್ಲಿ ಅವರು ತೀರಿಕೊಂಡ ಮೇಲೆ. ನೀನಾಗಿದ್ದರೆ ಅವತ್ತು ಸಂಜೆಯೇ ಸ್ಟೇಟಸ್ ಹಾಕಿರ್ತಿದ್ದೆ, ಅಲ್ವಾ?

ಚಾಲೆಂಜರ್ ಹೋಗಿ ಹದಿನೇಳು ವರ್ಷದ ಮೇಲೆ ಮತ್ತದೇ ಮಾತು. 2003ರ ಜನವರಿ 16, ಕೊಲಂಬಿಯಾ. ಹಾರಿದ 82ನೇ ಸೆಕೆಂಡಿಗೆ ದೊಡ್ಡ ಇಂಧನ ತೊಟ್ಟಿಯಿಂದ ಮುಕ್ಕಾಲು ಕೆ.ಜಿ.ಯಷ್ಟು ಫೋಮು ಕಿತ್ತುಬಂದು ಎಡರೆಕ್ಕೆಯ ಅಂಚಿಗೆ ಬಡಿಯಿತು. ಫೋಮು ಉದುರೋದು ಹೊಸದಲ್ಲ, ಎಷ್ಟೋ ಸಲ ಉದುರಿತ್ತು. ಕಕ್ಷೆಯಲ್ಲಿರುವಾಗಲೇ ರೆಕ್ಕೆಯ ಫೋಟೊ ತೆಗೆಸಿ ಅಂತ ಎಂಜಿನಿಯರುಗಳು ಕೇಳಿದರು, ತೆಗೆಸಲಿಲ್ಲ. ಫೆಬ್ರುವರಿ 1ರಂದು ಮರಳುವಾಗ ನೌಕೆ ಟೆಕ್ಸಾಸ್ ಮೇಲೆ ಒಡೆದುಹೋಯಿತು. ಆಮೇಲೆ ಅಂಥದೇ ಫೋಮನ್ನು ಗಾಳಿಬಂದೂಕಿನಲ್ಲಿ ಹಾಕಿ ರೆಕ್ಕೆಯ ಅಂಚಿಗೆ ಹೊಡೆದು ನೋಡಿದರು. ಸುಮಾರು 40 ಸೆಂ.ಮೀ. ಅಗಲದ ತೂತು ಬಿತ್ತು.

ಆ ನೌಕೆಯಲ್ಲಿ ನಮ್ಮ ಕಲ್ಪನಾ ಚಾವ್ಲಾ ಇದ್ದರು. ಆ ಹುಡುಗಿಯ ಸಾವನ್ನಷ್ಟೇ ನೆನೆಯೋದು ನನಗೆ ಒಪ್ಪಿಗೆಯಿಲ್ಲ. ಹರಿಯಾಣದ ಕರ್ನಾಲ್‌ನಲ್ಲಿ ಹುಟ್ಟಿ, ಚಂಡೀಗಡದಲ್ಲಿ ವಿಮಾನ ಎಂಜಿನಿಯರಿಂಗ್ ಓದಿ, ಅಮೆರಿಕದಲ್ಲಿ ಪಿಎಚ್‌.ಡಿ. ಮಾಡಿದವರು. 1997ರ ಮೊದಲ ಹಾರಾಟದಲ್ಲಿ ಅವರು ಯಂತ್ರದ ತೋಳಿನಿಂದ ಹೊರಬಿಟ್ಟ ಸ್ಪಾರ್ಟನ್ ಎಂಬ ಉಪಗ್ರಹ ಕೆಟ್ಟು ಗಿರಗಿರನೆ ತಿರುಗತೊಡಗಿತು. ಇಬ್ಬರು ಸಂಗಾತಿಗಳು ಹೊರಗೆ ಹೋಗಿ ಅದನ್ನು ಕೈಯಲ್ಲೇ ಹಿಡಿದು ತರಬೇಕಾಯಿತು. ಬೆರಳೆಲ್ಲ ಕಲ್ಪನಾ ಕಡೆಗೇ ತಿರುಗಿತು. ವಿಚಾರಣೆಯಲ್ಲಿ ದೋಷ ಸಾಫ್ಟ್‌ವೇರಿನಲ್ಲೂ ಕೆಲಸದ ಕ್ರಮದಲ್ಲೂ ಇತ್ತು ಅಂತ ತೀರ್ಮಾನವಾಯಿತು. ಅವರು ತಲೆ ತಗ್ಗಿಸಿ ತಮ್ಮ ಪಾಡಿಗೆ ಕೆಲಸ ಮಾಡಿದರು, ಮತ್ತೆ ಆಯ್ಕೆಯಾದರು, ಮತ್ತೆ ಮತ್ತೆ ಮುಂದೂಡಿದ ಆ ಎರಡನೇ ಹಾರಾಟಕ್ಕೆ ಕಾದರು. ಒಂದು ಇಂಟರ್ನಲ್ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದರೆ ಎರಡು ದಿನ ಊಟ ಬಿಡೋ ನೀನು ಇದನ್ನು ಸ್ವಲ್ಪ ನಿಧಾನವಾಗಿ ಓದಿಕೋ. ನಮ್ಮ ಹವಾಮಾನ ಉಪಗ್ರಹಕ್ಕೆ ಅವರ ಹೆಸರಿಟ್ಟರು. ಕರ್ನಾಟಕ ಸರ್ಕಾರ ಯುವ ವಿಜ್ಞಾನಿ ಹೆಣ್ಣುಮಕ್ಕಳಿಗೆ ಅವರ ಹೆಸರಿನಲ್ಲಿ ಪ್ರಶಸ್ತಿ ಸ್ಥಾಪಿಸಿತು.

ಕೊಲಂಬಿಯಾ ದುರಂತವಾಗಿ ಎರಡು ವರ್ಷದ ಮೇಲೆ ಷಟಲ್ ಮತ್ತೆ ಹಾರಿದಾಗ ನಾಯಕಿ ಐಲೀನ್ ಕಾಲಿನ್ಸ್. ಪಿಜ್ಜಾ ಅಂಗಡಿಯಲ್ಲಿ ದುಡಿದ ಕಾಸಲ್ಲಿ ವಿಮಾನ ಕಲಿತ ಹೆಣ್ಣುಮಗಳು. ಬಾಹ್ಯಾಕಾಶ ನಿಲ್ದಾಣದ ಹತ್ತಿರ ನೌಕೆಯನ್ನು ಪೂರ್ತಿ ಮಗುಚಿ ಹೊಟ್ಟೆ ತೋರಿಸಿದರು, ನಿಲ್ದಾಣದಲ್ಲಿದ್ದವರು ಫೋಟೊ ತೆಗೆದರು. ಟೈಲ್ಸಿನ ನಡುವಿನ ಎರಡು ಪಟ್ಟಿ ಹೊರಗೆ ಇಣುಕುತ್ತಿದ್ದವು. ಸ್ಟೀಫನ್ ರಾಬಿನ್ಸನ್ ಹೊರಗೆ ಹೋಗಿ ನೌಕೆಯ ಹೊಟ್ಟೆಯ ಕೆಳಗೆ ತೂಗಿಕೊಂಡು ಅವನ್ನು ಬೆರಳಿನಲ್ಲಿ ಎಳೆದು ತೆಗೆದರು. ಮುಂಚೆಯೂ ಇಂಥ ಪಟ್ಟಿ ಎದ್ದಿದ್ದುಂಟು, ಏನೂ ಆಗಿರಲಿಲ್ಲ. ಈ ಸಲ ಆ ಮಾತು ನಡೆಯಲಿಲ್ಲ ನೋಡು.

ಕೈಕೆಲಸ ಅಂದರೆ ಮೂಗು ಮುರಿಯುತ್ತೀಯ, ಅದಕ್ಕೆ ಮೈಕ್ ಮ್ಯಾಸಿಮಿನೊ ಅವರದೂ ಹೇಳ್ತೀನಿ. ಗಗನಯಾತ್ರಿ ಆಗೋಕೆ ಅರ್ಜಿ ಹಾಕಿ ತಿರಸ್ಕೃತರಾದವರು, ಕಣ್ಣಿನ ಪರೀಕ್ಷೆಯಲ್ಲೂ ಬಿದ್ದವರು. ಪಟ್ಟು ಬಿಡದೆ ಕಣ್ಣಿಗೇ ತರಬೇತಿ ಕೊಟ್ಟು 1996ರಲ್ಲಿ ಒಳಗೆ ಬಂದರು. 2009ರ ಮೇಯಲ್ಲಿ ಹಬಲ್ ದೂರದರ್ಶಕದ ಕೆಟ್ಟ ಉಪಕರಣವೊಂದನ್ನು ರಿಪೇರಿ ಮಾಡೋ ಕೆಲಸ ಅವರ ಪಾಲಿಗೆ. ಮುಚ್ಚಳಕ್ಕೆ 111 ಸಣ್ಣ ಸ್ಕ್ರೂ, ಅದಕ್ಕೆ ಅಡ್ಡವಾಗಿ ಒಂದು ಹಿಡಿಕೆ. ವರ್ಷಗಟ್ಟಲೆ ಅಭ್ಯಾಸ ಆ 111 ಸ್ಕ್ರೂಗಳದು. ಅಲ್ಲಿ ಹೋಗಿ ನೋಡಿದರೆ ಹಿಡಿಕೆಯ ಕೊನೇ ಸ್ಕ್ರೂವಿನ ತಲೆ ಸವೆದು ಟೂಲು ಜಾರುತ್ತಿದೆ! ಕೆಳಗಿನ ಎಂಜಿನಿಯರುಗಳು ಭಾನುವಾರವೂ ಪ್ರಯೋಗಶಾಲೆಗೆ ಹೋಗಿ, ಎಷ್ಟು ಬಲ ಹಾಕಿ ಎಳೆದರೆ ಹಿಡಿಕೆ ಮುರಿಯುತ್ತೆ ಅಂತ ಅಳೆದು ನೋಡಿದರು. ಅದಾದ ಮೇಲೇ ಟೇಪು ಸುತ್ತಿ ಎಳಿ ಅಂದರು. ಎಳೆದರು, ಬಂತು. ಆಮೇಲೆ 111 ಸ್ಕ್ರೂ, ಒಂದಾದ ಮೇಲೊಂದು. ಉಪಕರಣ ಮತ್ತೆ ಕೆಲಸ ಶುರು ಮಾಡಿತು. ಎಳೆಯೋ ಧೈರ್ಯ ನಿನಗೂ ಇದೆ ಮಗೂ. ಅಳೆಯೋತನಕ ಕಾಯ್ತೀಯಾ?

ಇಳಿಯೋದಂತೂ ಇನ್ನೂ ಕಷ್ಟ. ಇಳಿಯುವಾಗ ಷಟಲ್‌ಗೆ ಎಂಜಿನ್ ಬಲ ಇರುತ್ತಿರಲಿಲ್ಲ, ತಪ್ಪಿದರೆ ಮೇಲೆದ್ದು ಇನ್ನೊಂದು ಸುತ್ತು ಹಾಕೋ ಹಾಗಿರಲಿಲ್ಲ. ಅದಕ್ಕೆ ನಾಯಕನಾಗುವವನು ಬೇರೊಂದು ವಿಮಾನದಲ್ಲಿ ಅದೇ ರೀತಿ ಧುಮುಕುತ್ತಾ ಕನಿಷ್ಠ 1000 ಸಲ ಅಭ್ಯಾಸ ಮಾಡಿರಬೇಕಿತ್ತು. 30 ವರ್ಷದಲ್ಲಿ 135 ಹಾರಾಟ, 14 ಜನರ ಬಲಿ. ಕೊನೆಗೆ 2011ರ ಜುಲೈ 21ರಂದು ಅಟ್ಲಾಂಟಿಸ್ ಇಳಿದು ಆ ಕಾಲ ಮುಗಿಯಿತು.

ಆದರೆ ರೆಕ್ಕೆಯ ನೌಕೆಯ ಕೆಲಸ ಈಗ ನಮ್ಮಲ್ಲೇ ನಡೀತಿದೆ. ಚಿತ್ರದುರ್ಗದ ಚಳ್ಳಕೆರೆ ಹತ್ತಿರ ಇಸ್ರೊ ತನ್ನ ಪುಷ್ಪಕ್ ನೌಕೆಯನ್ನು ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿ.ಮೀ. ಎತ್ತರದಲ್ಲಿ ಬಿಟ್ಟು, ತಾನೇ ದಾರಿ ಹುಡುಕಿ ರನ್‌ವೇಗೆ ಇಳಿಯೋದನ್ನು ಪರೀಕ್ಷಿಸಿತು. ಒಳಗೆ ಜನ ಇಲ್ಲ, ಇದಿನ್ನೂ ಮೊದಲ ಮೆಟ್ಟಿಲು. 2024ರ ಮಾರ್ಚ್‌ನಲ್ಲಿ ಇಳಿದ ಅದೇ ಮೈಯನ್ನು ಜೂನ್‌ನಲ್ಲಿ ಮತ್ತೆ ಬಳಸಿದರು, ಗಂಟೆಗೆ 320 ಕಿ.ಮೀ. ಮೀರಿದ ವೇಗದಲ್ಲಿ ನೆಲ ಮುಟ್ಟಿತು. ನೀನು ವಿಡಿಯೊದಲ್ಲಿ ಇಳಿಯೋದನ್ನು ಮಾತ್ರ ನೋಡಿದ್ದೀಯ. ಮಾರ್ಚಿಗೂ ಜೂನಿಗೂ ನಡುವೆ ಆ ಮೈಯನ್ನು ಯಾರು ಯಾರು ಮುಟ್ಟಿ ನೋಡಿದರು, ಏನೇನು ಸಿಕ್ಕಿತು, ಯಾವುದನ್ನು ಬದಲಾಯಿಸಬೇಕಾ ಬೇಡವಾ ಅಂತ ಹೇಗೆ ತೀರ್ಮಾನಿಸಿದರು, ಅವರನ್ನು ಹುಡುಕಿ ಕೇಳು. ಸಂಕೋಚ ಬೇಡ, ಕೆಲಸ ಬಲ್ಲವರಿಗೆ ಇಂಥ ಪ್ರಶ್ನೆ ಕೇಳಿದರೆ ಖುಷಿಯಾಗುತ್ತೆ. ಚಹಾ ಕುಡಿಸಿ ಗಂಟೆಗಟ್ಟಲೆ ಹೇಳ್ತಾರೆ.

ಮತ್ತೆ, ನನಗೆ ನೋಡೋಕೆ ಕೊಟ್ಟ ನಿನ್ನ ತರಬೇತಿಯ ಅರ್ಜಿ ಮೇಜಿನ ಮೇಲಿದೆ. ಎರಡನೇ ಪುಟದಲ್ಲಿ ಹುಟ್ಟಿದ ತಾರೀಖು ಒಂದು, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು. ಇವತ್ತೇ ತಿದ್ದಿಕೊಂಡು ಬಾ, ಇನ್ನೊಂದು ಸಲ ನೋಡಿಯೇ ಕಳಿಸೋಣ.