ಹಲ್ಲು ಕಟ್ಟಿಸಿಕೊಳ್ಳುವವರಿಗೆ ಕೆಲವು ಮಾತುಗಳು

ಕುಟುಂಬ ಕಲ್ಯಾಣವೆಂದರೆ ಮಕ್ಕಳ ಸಂಖ್ಯೆ ಮತ್ತು ಚುಚ್ಚುಮದ್ದುಗಳ ವಿಷಯ ಮಾತ್ರವೆಂದು ಅನೇಕ ದಂಪತಿಗಳು ಭಾವಿಸಿರುವುದುಂಟು. ನಿಮ್ಮ ಮನೆಯಲ್ಲಿ ಹಲ್ಲುದುರಿದ ತಾಯಿಯೋ ಮಾವನೋ ಇದ್ದರೆ ಅವರ ಊಟವೂ ಕುಟುಂಬದ ಕಲ್ಯಾಣಕ್ಕೇ ಸೇರಿದ್ದು. ಹಲ್ಲಿಲ್ಲದವರು ಮೊದಲು ರೊಟ್ಟಿಯನ್ನು ಬಿಡುತ್ತಾರೆ. ಬಳಿಕ ಕಾಳು, ಸೊಪ್ಪುಗಳನ್ನು. ಕೊನೆಗೆ ಉಳಿಯುವುದು ಗಂಜಿ. ಮೈ ಇಳಿಯುತ್ತದೆ, ಮನೆಯವರು ವಯಸ್ಸಾಯಿತೆಂದು ಸುಮ್ಮನಾಗುತ್ತಾರೆ. ಮುದ್ದೆ ನುಂಗುವವರಿಗೆ ಹಲ್ಲೇಕೆ ಎಂದು ಕೇಳುವವರೂ ಇದ್ದಾರೆ. ಮುದ್ದೆಯನ್ನು ನುಂಗಬಹುದು, ನಿಜ. ಸಾರಿನೊಳಗಿನ ಹುರುಳಿಕಾಳನ್ನು ಅಗಿಯಲೇಬೇಕಲ್ಲವೆ?

ಮಗುವಿಗೊಂದು ಹಲ್ಲು ಹೋಗುತ್ತದೆಂಬ ಮಾತು ಸುಳ್ಳು. ಗರ್ಭಿಣಿಯ ವಸಡು ಊದಿ ರಕ್ತ ಒಸರಬಹುದು. ಶುಚಿತ್ವದಿಂದಲೂ ಚಿಕಿತ್ಸೆಯಿಂದಲೂ ಹಲ್ಲು ಉಳಿಯುತ್ತದೆ. ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂದವಾಗುತ್ತದೆಂಬುದೂ ಅಂಥದೇ ಮಾತು.

ಹಲ್ಲು ಕೀಳಿಸಿದ ಮೇಲೆ ವಸಡು ಮಾಯಲು ಸಾಮಾನ್ಯವಾಗಿ ಎರಡು ಮೂರು ತಿಂಗಳು ಬೇಕು. ಅನಂತರ ವೈದ್ಯರು ದವಡೆಯ ಅಚ್ಚು ತೆಗೆದು, ಮೇಲಿನ ಮತ್ತು ಕೆಳಗಿನ ದವಡೆಗಳ ಹೊಂದಿಕೆಯನ್ನು ಅಳೆದು, ಮೇಣದಲ್ಲಿ ಹಲ್ಲು ಜೋಡಿಸಿ ನೋಡಿ, ಆ ಬಳಿಕವೇ ಸೆಟ್ಟು ಕೊಡುತ್ತಾರೆ. ಇದಕ್ಕೆ ನಾಲ್ಕೈದು ಸಲ ಹೋಗಬೇಕಾಗುತ್ತದೆ. ಬಿತ್ತನೆ, ಕೊಯಿಲುಗಳ ದಿನಗಳನ್ನು ನೋಡಿಕೊಂಡು ಆರಂಭಿಸಿರಿ. ಸಂತೆಯಲ್ಲಿ ಅರ್ಧ ಗಂಟೆಯಲ್ಲಿ ಹಲ್ಲು ಕೂರಿಸುವವರ ಬಳಿ ಹೋಗಬೇಡಿರಿ. ಅವರು ಕೊಳೆತ ಬೇರಿನ ಮೇಲೆಯೇ ಅಂಟು ಹಾಕಿ, ಪಕ್ಕದ ಗಟ್ಟಿ ಹಲ್ಲುಗಳನ್ನೂ ಕೆಡಿಸುತ್ತಾರೆ. ಬಿ.ಪಿ.ಎಲ್. ಕುಟುಂಬದ ಹಿರಿಯರಿಗಾಗಿ ಕರ್ನಾಟಕ ಸರ್ಕಾರವು 2014-15ರಲ್ಲಿ ದಂತಭಾಗ್ಯ ಯೋಜನೆಯನ್ನು ಆರಂಭಿಸಿತು. ಪಡಿತರ ಚೀಟಿಯೊಡನೆ ತಾಲ್ಲೂಕು ಆಸ್ಪತ್ರೆಯ ದಂತವೈದ್ಯರಲ್ಲಿ ಈಗಿನ ನಿಯಮಗಳನ್ನು ವಿಚಾರಿಸಿರಿ.

ಸೆಟ್ಟು ಬಂದ ಮೇಲಿನ ಮೊದಲ ತಿಂಗಳೇ ನಿಜವಾದ ಪರೀಕ್ಷೆ. ಬಾಯಿ ತುಂಬಿದಂತೆ ತೋರುತ್ತದೆ, ಜೊಲ್ಲು ಹೆಚ್ಚು ಸುರಿಯುತ್ತದೆ, ಮಾತು ತೊದಲುತ್ತದೆ. ಮೇಲಿನ ಸೆಟ್ಟು ಜೊಲ್ಲಿನ ತೆಳುವಾದ ಪದರದಿಂದ ಅಂಗುಳಿಗೆ ಹಿಡಿದು ನಿಲ್ಲುತ್ತದೆ. ಕೆಳಗಿನದಕ್ಕೆ ಅಂಥ ಹಿಡಿತವಿಲ್ಲ. ನಾಲಗೆ ಅದನ್ನು ಮೆಲ್ಲನೆ ಎತ್ತಿಬಿಡುತ್ತದೆ. ನಾಲಗೆಯೂ ಕೆನ್ನೆಯೂ ಅದನ್ನು ಹಿಡಿದುಕೊಳ್ಳಲು ಕಲಿಯಬೇಕು. ಅದಕ್ಕೆ ವಾರಗಳೇ ಹಿಡಿಯುತ್ತವೆ. ಇದು ತಿಳಿಯದೆ ಎಷ್ಟೋ ಮಂದಿ ನಾಲ್ಕನೆಯ ದಿನವೇ ಸೆಟ್ಟನ್ನು ಗೂಡಿನಲ್ಲಿಟ್ಟು ಮತ್ತೆ ಗಂಜಿಗೆ ಮರಳುತ್ತಾರೆ. ಸೊಸೆಯಾದವಳು ಅನ್ನ, ಬೇಳೆ, ಬೆಂದ ತರಕಾರಿಗಳಿಂದ ಆರಂಭಿಸಲಿ. ಅತ್ತೆಯವರು ಚಿಕ್ಕ ತುತ್ತುಗಳನ್ನು ಎರಡೂ ಕಡೆ ಸಮನಾಗಿ ಅಗಿಯಲಿ. ರೊಟ್ಟಿಯನ್ನು ಮುರಿದು ಸಾರಿನಲ್ಲಿ ನೆನೆಸಬಹುದು. ಮುಂದಿನ ಹಲ್ಲಿನಿಂದ ಕಚ್ಚಿ ಎಳೆಯಬಾರದು. ಮಾತು ತೊದಲಿದಾಗ ಮೊಮ್ಮಕ್ಕಳು ನಗದಂತೆ ಗಂಡನೂ ಎಚ್ಚರ ವಹಿಸಲಿ. ನಗೆಗೆ ಅಂಜಿಯೇ ಸೆಟ್ಟು ಬಿಟ್ಟವರು ನೋವಿಗೆ ಅಂಜಿ ಬಿಟ್ಟವರಿಗಿಂತ ಕಡಿಮೆಯೇನಲ್ಲ.

ಒತ್ತಿ ಹುಣ್ಣಾದರೆ ವೈದ್ಯರಲ್ಲಿಗೆ ಹೋಗುವ ಹಿಂದಿನ ದಿನ, ತಡೆದುಕೊಳ್ಳುವಷ್ಟಾದರೂ, ಸೆಟ್ಟನ್ನು ಧರಿಸಿರಬೇಕು. ಒತ್ತುವ ಸ್ಥಳ ಆಗ ಮಾತ್ರ ಗೋಚರಿಸುತ್ತದೆ. ಮನೆಯಲ್ಲಿ ಅರದಿಂದ ಉಜ್ಜಬೇಡಿರಿ. ಮುರಿದರೆ ಅಂಗಡಿಯ ಅಂಟು ಹಾಕದೆ ಎಲ್ಲ ಚೂರುಗಳನ್ನೂ ಕಟ್ಟಿಕೊಂಡು ಹೋಗಿರಿ. ತೀರಿಕೊಂಡವರ ಸೆಟ್ಟನ್ನು ಇನ್ನೊಬ್ಬರು ಧರಿಸಲಾಗದು. ಪ್ರತಿ ಬಾಯಿಯ ಅಳತೆಯೂ ಬೇರೆ.

ಪ್ರತಿ ಊಟದ ನಂತರ ಸೆಟ್ಟನ್ನು ತೊಳೆಯಬೇಕು. ದಿನಕ್ಕೊಮ್ಮೆ ಮೃದುವಾದ ಬ್ರಷ್ ಮತ್ತು ಸೋಪಿನಿಂದ ಉಜ್ಜಿ ಚೆನ್ನಾಗಿ ಜಾಲಿಸಿರಿ. ಇದ್ದಿಲು, ಬೂದಿ, ಇಟ್ಟಿಗೆಪುಡಿಗಳು ಗೀರು ಹಾಕುತ್ತವೆ. ಆ ಗೀರುಗಳಲ್ಲಿ ಕೊಳೆ ನಿಲ್ಲುತ್ತದೆ. ಇದು ಅಕ್ರಿಲಿಕ್ ಎಂಬ ವಸ್ತುವಾದುದರಿಂದ ಕುದಿನೀರು ತಗುಲಿದರೆ ಸೊಟ್ಟಗಾಗುತ್ತದೆ. ಕಲ್ಲುಚಪ್ಪಡಿಯ ಮೇಲೆ ಬಿದ್ದರೆ ಒಡೆಯುವುದೂ ಖಚಿತ. ನೀರು ತುಂಬಿದ ಬೋಗುಣಿಯ ಮೇಲೆ ಹಿಡಿದು ತೊಳೆಯುವುದೇ ಕ್ಷೇಮ. ರಾತ್ರಿ ತೆಗೆದು, ಮುಚ್ಚಳವಿರುವ ಡಬ್ಬಿಯ ತಣ್ಣೀರಿನಲ್ಲಿಡಿರಿ. ವಸಡಿಗೂ ವಿಶ್ರಾಂತಿ ಬೇಕು. ನಾಲಗೆಯನ್ನೂ ವಸಡನ್ನೂ ಒದ್ದೆ ಬಟ್ಟೆಯಿಂದ ಒರೆಸಿಕೊಳ್ಳಬೇಕು.

ವರ್ಷಗಳು ಕಳೆದಂತೆ ದವಡೆಯ ಮೂಳೆ ಸವೆದು ಸೆಟ್ಟು ಸಡಿಲವಾಗುವುದು ಸಹಜ. ಒಳಪದರ ಹಾಕಿಸಿ ಸರಿಪಡಿಸಬಹುದು, ಇಲ್ಲವೆ ಹೊಸದನ್ನು ಮಾಡಿಸಬಹುದು. ಹಲ್ಲಿಲ್ಲದಿದ್ದರೂ ವರ್ಷಕ್ಕೊಮ್ಮೆ ಬಾಯಿ ತೋರಿಸಿರಿ. ಎಲೆಯಡಿಕೆಯೊಡನೆ ಹೊಗೆಸೊಪ್ಪು ಹಾಕುವವರಲ್ಲಿ, ಹುಣ್ಣೊಂದು ಎರಡು ವಾರ ಕಳೆದರೂ ಮಾಯದಿದ್ದರೆ, ಅಥವಾ ಬಿಳಿ ಇಲ್ಲವೆ ಕೆಂಪು ಮಚ್ಚೆ ಕಂಡರೆ, ಸೆಟ್ಟು ಒತ್ತಿದ್ದೆಂದು ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಅದು ಕ್ಯಾನ್ಸರಿನ ಆರಂಭವೂ ಆಗಿರಬಹುದು. ಆ ಹಂತದಲ್ಲಿ ಚಿಕಿತ್ಸೆಯಿಂದ ಗುಣವಾಗುವ ಸಾಧ್ಯತೆ ಹೆಚ್ಚು.